ಮೂಗುತಿ ಯಾವ ಕಡೆ?

ಯಾರಾದರೂ ಹೆಂಗಸರ ಫೋಟೋ ತೋರಿಸಿದರೆ ನಾನು ಮೊದಲು ನೋಡುವುದು ಮೂಗನ್ನು. ಕಣ್ಣು, ನಗು ಎಲ್ಲ ಆಮೇಲೆ. ಹುಟ್ಟಿದ್ದು ರಬಕವಿಯ ನೇಕಾರರ ಓಣಿಯಲ್ಲಾದ್ದರಿಂದ ಸೀರೆಯ ಅಂಚು ನೋಡದೆ ಇರಲಾಗದು, ಆದರೆ ಅದೂ ಆಮೇಲೆಯೇ. ಮೂಗುತಿ ಎಡಕ್ಕಿದೆಯೋ ಬಲಕ್ಕಿದೆಯೋ ಖಾತ್ರಿಯಾಗುವವರೆಗೆ ನನ್ನ ಬಾಯಿಂದ 'ಛಲೋ ಬಂದೈತಿ' ಎಂಬ ಮಾತು ಹೊರಡುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ಮಗಳ ಮದುವೆಯ ಆಲ್ಬಂ ತಂದಾಗಲೂ ಹೀಗೇ ಆಯಿತು. ಅವರು ಅಳಿಯನ ನೌಕರಿ, ಬೀಗರ ಕಬ್ಬಿನ ಹೊಲ ಎಂದು ವರ್ಣಿಸುತ್ತಿದ್ದರೆ ನಾನು ಒಂದೊಂದು ಹಾಳೆಯನ್ನೂ ಕಣ್ಣಿನ ಹತ್ತಿರಕ್ಕೆ ಹಿಡಿದು ಮದುಮಗಳ ಮೂಗು ಹುಡುಕುತ್ತಿದ್ದೆ. ಕೊನೆಗೆ ಆ ತಾಯಿ ತಡೆಯಲಾರದೆ, ಹುಡುಗಿಯ ಮೂಗಿಗೆ ಏನಾಗಿದೆ ಎಂದು ಕೇಳಿಯೇಬಿಟ್ಟರು.

ನಮ್ಮ ಯಜಮಾನರು ಇದಕ್ಕೆ ಬ್ಯಾಂಕಿನ ರೋಗ ಎಂದು ಹೆಸರಿಟ್ಟಿದ್ದಾರೆ. ಜಮಖಂಡಿಯ ಬ್ಯಾಂಕೊಂದರ ಕೌಂಟರಿನ ಹಿಂದೆ ಕೂತು, ಕಿಟಕಿಯಲ್ಲಿ ಕಾಣುವ ಮುಖವನ್ನೂ ಕಾಗದಕ್ಕೆ ಅಂಟಿಸಿದ ಮುಖವನ್ನೂ ತಾಳೆ ನೋಡುವುದೇ ನನ್ನ ಕೆಲಸವಾದ್ದರಿಂದ ಅವರ ಮಾತನ್ನು ತಪ್ಪು ಅನ್ನಲಾರೆ. ಎದುರಿಗೆ ನಿಂತವರು "ಅದು ನಾನ ರೀ" ಎಂದರೆ ನಂಬದಿರಲಿ ಎಂದೇ ನನಗೆ ಸಂಬಳ ಕೊಡುತ್ತಾರೆ. ಆದರೆ ರೋಗ ಬ್ಯಾಂಕಿಗಿಂತ ಹಳೆಯದು. ಅದು ಬಂದದ್ದು ನಮ್ಮ ಆಯಿಯಿಂದ, ಅಂದರೆ ಅಪ್ಪನ ತಾಯಿಯಿಂದ. ಗಟ್ಟಿಯಾದದ್ದು ಕಸ್ತೂರತ್ತೆಯ ಒಂದು ಫೋಟೋದಿಂದ.

ಆಯಿಗೆ ಸಂಶಯವೆಂದರೆ ಅಡುಗೆಗೆ ಉಪ್ಪಿದ್ದ ಹಾಗೆ. ಬೆಣ್ಣೆ ಮಾರುವವಳ ಎದುರೇ ಬೆಣ್ಣೆಯೊಳಗೆ ಬೆರಳು ಇಳಿಸಿ ನೋಡುವಳು. ಬಸ್ಸಿನ ಬೋರ್ಡನ್ನು ನನ್ನಿಂದ ಓದಿಸಿಕೊಂಡ ಮೇಲೂ ಡ್ರೈವರನನ್ನು ಕೇಳುವಳು. ಡ್ರೈವರ ಹೇಳಿದ್ದು ಖರೆಯೇ ಎಂದು ಕಂಡಕ್ಟರನನ್ನು ಕೇಳುವಳು. ಆದರೆ ಆಕೆಯ ಸಂಶಯ ತುದಿ ಮುಟ್ಟುತ್ತಿದ್ದದ್ದು ಫೋಟೋಗಳ ವಿಷಯದಲ್ಲಿ. ನಮ್ಮ ಓಣಿಯ ಗೋಡೆಗಳ ಮೇಲಿದ್ದ ಹೆಂಗಸರೆಲ್ಲ ಜಮಖಂಡಿಯ ಒಂದೇ ಸ್ಟುಡಿಯೋಕ್ಕೆ ಹೋಗಿ ಬಂದವರು. ಎಲ್ಲರ ಪಕ್ಕದಲ್ಲೂ ಅದೇ ಹೂಕುಂಡ, ಬೆನ್ನ ಹಿಂದೆ ಪರದೆಯ ಮೇಲೆ ಬಣ್ಣದಲ್ಲಿ ಬರೆದ ಅದೇ ಕಾರಂಜಿ. ಎಲ್ಲರ ಕೈಯಲ್ಲೂ ಸ್ಟುಡಿಯೋದವನು ಕಟ್ಟಿದ ಅದೇ ಗಡಿಯಾರ. ಅದು ಎಂದೋ ನಿಂತುಹೋದದ್ದರಿಂದ ಎಲ್ಲರ ಫೋಟೋದಲ್ಲೂ ಒಂದೇ ಹೊತ್ತು. ಓಣಿಯ ಹೆಣ್ಣುಮಕ್ಕಳೆಲ್ಲ ಒಂದೇ ಹೊತ್ತಿನಲ್ಲಿ ಅಲ್ಲಿ ಸೇರಿ ಏನು ಮಾಡುತ್ತಿದ್ದರು ಎಂದು ಆಯಿ ಕೇಳುತ್ತಿದ್ದಳು. ಗಡಿಯಾರದ ವಿಷಯ ತಿಳಿಸಿ ಹೇಳಿದರೂ ಆಕೆಗೆ ಸಮಾಧಾನವಾಗುತ್ತಿರಲಿಲ್ಲ. ನಿಂತ ಗಡಿಯಾರವನ್ನು ಕಟ್ಟಿ ಕಳಿಸುವವನು ಇನ್ನೇನು ಮಾಡಲಿಕ್ಕಿಲ್ಲ ಎನ್ನುತ್ತಿದ್ದಳು.

ಕಸ್ತೂರತ್ತೆ ಅಪ್ಪನ ತಂಗಿ. ನಾನು ಮೂರನೇ ಇಯತ್ತೆಯಲ್ಲಿದ್ದಾಗ ಆಕೆ ಲಗ್ನಕ್ಕೆ ಬಂದಿದ್ದಳು. ಇಡೀ ದಿನ ರಾಟಿಯ ಮುಂದೆ ಕೂತು, ಲಾಳಿಯೊಳಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು ಆಕೆಯ ಕೆಲಸ. ಮಾತು ಕಡಿಮೆ. ಎಡಗಣ್ಣಿನ ಕೆಳಗೆ ಸಾಸಿವೆ ಕಾಳಿನಷ್ಟು ಮಚ್ಚೆ, ಎಡಹೊರಳೆಗೆ ಕೆಂಪು ಹರಳಿನ ಮೂಗುತಿ. ಅಷ್ಟು ಹೊತ್ತಿಗೆ ಬೀಳಗಿಯಿಂದ ಒಂದು ಸಂಬಂಧ ಬಂದು ಮುರಿದಿತ್ತು. ಸ್ಟುಡಿಯೋದವನು ಹುರುಪಿನಲ್ಲಿ ನೆಗೆಟಿವ್ ತಿದ್ದಿ, ಮಚ್ಚೆ ಅಳಿಸಿ, ಆಕೆಯನ್ನು ಹಾಲಿನಲ್ಲಿ ಅದ್ದಿದಂತೆ ಮಾಡಿ ಕಳಿಸಿದ್ದ. ಫೋಟೋ ನೋಡಿ ಹಿಗ್ಗಿ ಬಂದ ಬೀಳಗಿಯವರು ಹುಡುಗಿಯನ್ನು ನೋಡಿ, ಇವರು ತೋರಿಸುವುದೊಂದು ಕೊಡುವುದೊಂದು ಮಂದಿ ಎಂದು ಬಾಯಿಗೆ ಬಂದದ್ದು ಆಡಿ ಹೋದರು. ಫೋಟೋವನ್ನೂ ಮರಳಿಸಲಿಲ್ಲ. ಊರ ಬಾಯಿಗೆ ಮುಚ್ಚಳ ಎಲ್ಲಿದೆ? ಮಾತು ಬನಹಟ್ಟಿ ದಾಟಿ ಜಮಖಂಡಿಯವರೆಗೂ ಹೋಯಿತು. ಇನ್ನೊಮ್ಮೆ ಹೀಗಾದರೆ ಕಸ್ತೂರಿಗೆ ಈ ಸೀಮೆಯಲ್ಲಿ ಗಂಡು ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ರಾಟಿಯ ಮುಂದೆ ತಲೆ ತಗ್ಗಿಸಿ ಕೂತವಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಅದಕ್ಕೇ ಮುಧೋಳದಿಂದ ಸುದ್ದಿ ಬಂದಾಗ ಆಯಿ ತಾನೇ ಸ್ಟುಡಿಯೋಕ್ಕೆ ಹೊರಟಳು. ಕಸ್ತೂರತ್ತೆ, ಅವ್ವ ಮತ್ತು ನಾನು ಹಿಂದೆ. ಫೋಟೋ ಇದ್ದಂತೆಯೇ ಬರಬೇಕು, ಬೆಳ್ಳಗೆ ಮಾಡಕೂಡದು, ಮಚ್ಚೆ ಮುಟ್ಟಕೂಡದು, ಗಡಿಯಾರವಂತೂ ಕಟ್ಟಲೇಕೂಡದು ಎಂದು ಆಯಿ ಬಾಗಿಲಲ್ಲೇ ಕರಾರು ಹಾಕಿದಳು. ಫೋಟೋದವನು ಹೂಂ ಎಂದು, ಮೂರು ಕಾಲಿನ ಕ್ಯಾಮರಾದ ಹಿಂದೆ ಹೋಗಿ ಕರಿಯ ಬಟ್ಟೆಯೊಳಗೆ ತಲೆ ಹಾಕಿದ. ಅವನು ಬಹಳ ಹೊತ್ತು ಹೊರಗೆ ಬರಲಿಲ್ಲ. ಪರಗಂಡಸು ಮುಸುಕು ಹಾಕಿಕೊಂಡು ಮನೆಯ ಹುಡುಗಿಯನ್ನು ನೋಡುವುದೆಂದರೆ ಏನು? ಆಯಿ ಹೋಗಿ ಅವನ ಭುಜ ತಟ್ಟಿ ಈಚೆಗೆ ಸರಿಸಿ, ತನ್ನ ಸೆರಗಿನ ಮೇಲೆ ಆ ಬಟ್ಟೆ ಎಳೆದುಕೊಂಡು ತಾನೇ ಒಳಗೆ ಇಣುಕಿದಳು. ಈಚೆಗೆ ಬಂದಾಗ ಮುಖ ಬಿಳಿಚಿತ್ತು.

"ಹುಡುಗೀನ್ನ ತಲಿಕೆಳಗ ಮಾಡೀರಲ್ರಿ," ಎಂದಳು.

ಒಳಗಿನ ಗಾಜಿನ ಮೇಲೆ ಎಲ್ಲವೂ ಹಾಗೆಯೇ ಕಾಣುವುದು, ತೊಳೆದು ತೆಗೆಯುವಾಗ ನಾವು ನೆಟ್ಟಗೆ ಮಾಡಿ ಕೊಡುತ್ತೇವೆ ಎಂದು ಅವನು ನಗುತ್ತಾ ತಿಳಿಸಿದ. ಆಯಿ ನಗಲಿಲ್ಲ. ಬೀಳಗಿಯ ಅನುಭವದಿಂದ ಬುದ್ಧಿ ಕಲಿತಿದ್ದ ಆಕೆ ನೆಗೆಟಿವನ್ನೂ ಕೇಳಿ ಪಡೆಯುವುದೆಂದು ಅಲ್ಲಿಯೇ ಗಟ್ಟಿ ಮಾಡಿಕೊಂಡಳು; ಇಲ್ಲದಿದ್ದರೆ ಹುಡುಗಿ ಅವನ ಶೋಕೇಸಿನಲ್ಲಿ ಕೂತು ಹೋಗಿಬರುವವರನ್ನೆಲ್ಲ ನೋಡುತ್ತಾಳೆ ಎಂಬ ಅಂಜಿಕೆ. ತಿರುಗಿ ಬರುವ ಬಸ್ಸಿನಲ್ಲಿ ಒಂದೇ ಮಾತು ಆಡಿದಳು. "ನೆಟ್ಟಗ ಮಾಡೋದು ಅವನ ಕೈಯಾಗೈತಿ ಅಂತಾತು."

ಫೋಟೋವನ್ನೂ ನೆಗೆಟಿವನ್ನೂ ಅಪ್ಪ ಸಂತೆಯ ದಿನ ತಂದ. ಬೆಳ್ಳಗೆ ಮಾಡಿರಲಿಲ್ಲ. ಮಚ್ಚೆ ಇತ್ತು, ಮೂಗುತಿ ಇತ್ತು. ಆದರೂ ಕೈಯಿಂದ ಕೈಗೆ ಹೋದ ಹಾಗೆ ಎಲ್ಲರ ಹುಬ್ಬು ಗಂಟಾಗತೊಡಗಿತು. ಅವ್ವ, ಕಸ್ತೂರಿಯೇ ಹೌದು ಎಂದು ಶುರುಮಾಡಿದವಳು ಮಾತು ಮುಗಿಸಲಿಲ್ಲ. ಅಪ್ಪ ಸೀರೆಯ ನೇಯ್ಗೆ ನೋಡುವವನಂತೆ ತೋಳುದ್ದ ಹಿಡಿದು ನೋಡಿ ಸುಮ್ಮನೆ ಕೊಟ್ಟ. ನನಗಂತೂ ಕಸ್ತೂರತ್ತೆಯ ಸೀರೆ ಉಟ್ಟುಕೊಂಡು ಆಕೆಯ ದೂರದ ಅಕ್ಕ ಯಾರೋ ಕೂತಂತೆ ಅನಿಸಿತು. ಓಣಿಯ ಹೆಂಗಸರು ಕಣ್ಣು ಅವಳದು ಅಲ್ಲ ಎಂದರು, ಕೆಲವರು ಕಣ್ಣು ಅವಳದೇ, ಬಾಯಿ ಅಲ್ಲ ಎಂದರು. ನಮಗೆ ಬೆಣ್ಣೆ ಹಾಕುತ್ತಿದ್ದ ಕುರುಬರ ಮಾಯವ್ವ ಬಹಳ ಹೊತ್ತು ನೋಡಿ, ಕುರಿಯಾಗಿದ್ದರೆ ಕಿವಿಗೆ ಗುರುತಿಗೆಂದು ಹಾಕಿದ ಕಚ್ಚು ನೋಡಿ ನಮ್ಮದು ಹೌದೋ ಅಲ್ಲವೋ ಹೇಳಿಬಿಡುತ್ತಿದ್ದೆ ಎಂದು ಕೈಚೆಲ್ಲಿದಳು. ಮೂಗುತಿ ಯಾವ ಕಡೆಗಿದೆ ಎಂದು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮೂಗುತಿ ಮೂಗಿನ ಮೇಲಿದೆಯಲ್ಲ, ಸಾಕು.

ಇಡೀ ಮನೆಯಲ್ಲಿ ಆ ಫೋಟೋವನ್ನು ಒಪ್ಪಿದವಳು ಕಸ್ತೂರತ್ತೆಯೊಬ್ಬಳೇ. ಆಕೆ ಅದನ್ನು ಕೈಗೆ ತೆಗೆದುಕೊಂಡವಳು ಮುಖವೆಲ್ಲ ಅರಳಿಸಿ, "ಥೇಟ್ ನಾನ," ಎಂದಳು. ಬೀಳಗಿಗೆ ಹೋದ ಫೋಟೋ ತನ್ನ ಹಾಗಿರಲಿಲ್ಲ, ಇದು ತಾನೇ ಎಂದಳು. ಆಕೆ ಅಷ್ಟು ಮಾತಾಡಿದ್ದೇ ಆಯಿಗೆ ಸಂಶಯಕ್ಕೆ ಸಾಕಾಯಿತು. ನಮಗ್ಯಾರಿಗೂ ಕಾಣದ್ದು ಇವಳೊಬ್ಬಳಿಗೆ ಹೇಗೆ ಕಂಡಿತು? ಹುಡುಗಿ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ನಾಲ್ಕು ದಿನ ಆಕೆಯ ಬೆನ್ನ ಹಿಂದೆಯೇ ತಿರುಗಿದಳು. ನಾನೂ ಆಯಿಯ ಬೆನ್ನ ಹಿಂದೆ ತಿರುಗಿದೆ. ಏನೂ ಸಿಗಲಿಲ್ಲ. ಆಗಾಗ ಮಗ್ಗದ ಹತ್ತಿರ ಹೋಗಿ ಕನ್ನಡಿ ಚೂರಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಳು, ಅಷ್ಟೇ.

ಆ ಕನ್ನಡಿಯ ವಿಷಯ ಹೇಳಬೇಕು. ಅಪ್ಪನ ಮಗ್ಗದಲ್ಲಿ ಅಂಚಿನ ಒಳ್ಳೆಯ ಮುಖ ಕೆಳಗೆ, ಉಲ್ಟಾ ಬದಿ ಮೇಲೆ ಬರುತ್ತಿತ್ತು. ದಿನವಿಡೀ ನೇಯ್ದರೂ ನೇಯುವವನ ಕಣ್ಣಿಗೆ ಸೀರೆಯ ಬೆನ್ನೇ. ಅದಕ್ಕೆ ಅಪ್ಪ ಅಂಗೈಯಗಲದ ಕನ್ನಡಿ ಚೂರೊಂದನ್ನು ಇಟ್ಟುಕೊಂಡು, ಆಗೀಗ ಹಾಸಿನ ನೂಲಿನ ಕೆಳಗೆ ಹಿಡಿದು ಅಂಚಿನ ಹೂವು ಸರಿ ಬಂತೋ ಇಲ್ಲವೋ ನೋಡುತ್ತಿದ್ದ. ಮನೆಯಲ್ಲಿದ್ದ ಕನ್ನಡಿ ಅದೊಂದೇ. ಅಪ್ಪ ಊಟಕ್ಕೆ ಎದ್ದಾಗ ಹೆಂಗಸರ ಸರದಿ. ಕಸ್ತೂರತ್ತೆ ಹುಟ್ಟಿದಾಗಿನಿಂದ ತನ್ನ ಮುಖ ಕಂಡದ್ದು ಆ ಚೂರಿನಲ್ಲಿ.

ಈ ನಡುವೆ ಬೇರೆ ಫೋಟೋ ಇಲ್ಲದ್ದರಿಂದ ಅದನ್ನೇ ಮುಧೋಳಕ್ಕೆ ಒಯ್ದು ಕೊಟ್ಟು ಬಂದವರು ಹುಡುಗ ಕೋರ್ಟಿನಲ್ಲಿ ಕಾರಕೂನ, ತಾಯಿ ನೀಲವ್ವ ಬಹಳ ಬಿಗಿ, ಬಾಗಿಲಲ್ಲಿ ಬೇಟೆನಾಯಿ ಕಟ್ಟಿದ್ದಾರೆ ಎಂದು ವರದಿ ಒಪ್ಪಿಸಿದರು. ನಾಯಿಯ ಎಲುಬು ಎಣಿಸಬಹುದು ಎಂದೂ ಸೇರಿಸಿದರು. ಅಪ್ಪ, ಮುಧೋಳದ ನಾಯಿಯ ಜಾತಿಯೇ ಹಾಗೆ ಎಂದು ಸಮಾಧಾನ ಹೇಳಿದ. ಆಯಿ ತಲೆಯಾಡಿಸಿದಳು. "ನಾಳೆ ಸೊಸಿ ಜಾತೀನ ಹಂಗ ಅಂತಾರ."

ನೀಲವ್ವ ಬಂದಳು, ಹುಡುಗನ ಸೋದರಮಾವನನ್ನು ಕರೆದುಕೊಂಡು. ಓಣಿಯ ಮಗ್ಗಗಳೆಲ್ಲ ಅಂದು ಏನೋ ನೆಪಕ್ಕೆ ನಿಂತಿದ್ದವು, ಎಲ್ಲರಿಗೂ ಕೇಳಿಸಿಕೊಳ್ಳುವುದಿತ್ತು. ಚಹಾ ಆಯಿತು. ಕಸ್ತೂರತ್ತೆ ಬಂದು ಪಡಸಾಲೆಯಲ್ಲಿ ಎದುರಿಗೆ ಕೂತಳು. ನೀಲವ್ವ ಒಮ್ಮೆ ಮುಖ ನೋಡಿದಳು. ಸೊಂಟದ ಎಲೆಯಡಕೆ ಚಂಚಿ ಬಿಚ್ಚಿ, ಸುಣ್ಣದ ಕಲೆಯಾದ ಫೋಟೋ ತೆಗೆದು ನೋಡಿದಳು. ಮತ್ತೆ ಮುಖ ನೋಡಿದಳು.

"ಇಕಿ ಆಕಿ ಅಲ್ಲ," ಎಂದಳು. "ಇನ್ನೊಬ್ಬಾಕಿನ್ನ ಕರೀರಿ."

ಆಯಿ, ಮನೆಯಲ್ಲಿ ಇರುವವಳು ಇವಳೊಬ್ಬಳೇ ಎಂದಳು. ನೀಲವ್ವ ಫೋಟೋದ ಮೇಲೆ ಬೆರಳಿಟ್ಟಳು. ಇದರಲ್ಲಿ ಮೂಗುತಿ ಬಲಕ್ಕಿದೆ, ಮಚ್ಚೆಯೂ ಬಲಕ್ಕಿದೆ. ನಮ್ಮ ಕಡೆ ಬಲಕ್ಕೆ ಚುಚ್ಚುವುದು ಹರಕೆಯ ಕೂಸಿಗೆ. ಮೊದಲು ಹುಟ್ಟಿದವು ಉಳಿಯದೆ ಇದ್ದಾಗ ಹಾಗೆ ಮಾಡುತ್ತಾರೆ. ಇದೂ ಹಾಗೇ ಇದ್ದೀತು ಎಂದುಕೊಂಡು ಬಂದೆ. ಇಲ್ಲಿ ನೋಡಿದರೆ ಎಡಕ್ಕಿದೆ. ಮೂಗುತಿಯನ್ನಾದರೂ ಅತ್ತಿತ್ತ ಮಾಡಬಹುದು, ಮಚ್ಚೆ ನಡೆದು ಬರುತ್ತದೆಯೇ? ಫೋಟೋದವಳು ಅಕ್ಕನೋ ತಂಗಿಯೋ, ಅವಳನ್ನು ಯಾಕೆ ಒಳಗೆ ಇಟ್ಟಿದ್ದೀರಿ? ನೀಲವ್ವ ದನಿ ಏರಿಸದೆ ಇಷ್ಟನ್ನೂ ಕೇಳಿದಳು. ನಾನು ಕತ್ತು ಚಾಚಿ ನೋಡಿದೆ. ಖರೆ. ಫೋಟೋದ ಮೂಗುತಿ ಆ ಕಡೆ, ಅತ್ತೆಯ ಮೂಗುತಿ ಈ ಕಡೆ. ಮನೆಯಲ್ಲಿ ನನಗೆ ಗೊತ್ತಿಲ್ಲದ ಇನ್ನೊಬ್ಬ ಅತ್ತೆ ಇದ್ದಾಳೆಯೇ ಎಂದು ನನಗೇ ಅನುಮಾನ ಹುಟ್ಟಿ, ಅಡುಗೆಮನೆಯ ಕತ್ತಲೆಯ ಕಡೆ ತಿರುಗಿ ನೋಡಿದ್ದೂ ನೆನಪಿದೆ.

ಜಗತ್ತನ್ನೆಲ್ಲ ಸಂಶಯದಿಂದ ನೋಡಿದ ಆಯಿಗೆ ತನ್ನನ್ನೇ ಯಾರಾದರೂ ಹಾಗೆ ನೋಡಿಯಾರು ಎಂಬ ಅಂದಾಜೇ ಇರಲಿಲ್ಲ; ಸೆರಗಿನ ತುದಿ ತಿರುವುತ್ತಾ ಕೂತಳು. ಸೋದರಮಾವ ಎದ್ದು ಚಪ್ಪಲಿ ಹುಡುಕತೊಡಗಿದ. ಆತ ಹೊಸ್ತಿಲು ದಾಟಿದರೆ ಕಸ್ತೂರತ್ತೆಯ ಬಾಳು ಅಲ್ಲಿಗೆ ಮುಗಿದಂತೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಎದುರಿಗೆ ಕೂತ ಹುಡುಗಿಗೇ ಕನ್ನಡಿ ಬೇಕಾಯಿತು. ನೋಡಲು ಬಂದವರ ಎದುರು ಬಾಯಿ ತೆರೆಯಬಾರದ ಕಸ್ತೂರತ್ತೆ ಎದ್ದು ಮಗ್ಗದ ಕಡೆ ಹೋದಳು. ಕನ್ನಡಿ ಚೂರು ತಂದು ನೀಲವ್ವನ ಮಗ್ಗುಲಿಗೆ, ಮೈಗೆ ಮೈ ತಾಗುವಂತೆ ಕೂತು, ತನ್ನ ಮುಖದ ಮುಂದೆ ಹಿಡಿದಳು.

"ಇದರಾಗ ನೋಡ್ರಿ. ನಾ ದಿನಾ ನೋಡೋದು ಇಕಿನ್ನ. ಫೋಟೋದಾಗ ಬಂದಾಕೀನೂ ಇಕೀನ. ಇಕಿ ನಾನ ಅದೀನ್ರಿ, ಬ್ಯಾರೆ ಯಾರೂ ಅಲ್ಲ."

ನೀಲವ್ವ ಕನ್ನಡಿ ನೋಡಿದಳು, ಫೋಟೋ ನೋಡಿದಳು, ಮಗ್ಗುಲಿನ ಮುಖ ನೋಡಿದಳು. ಫೋಟೋದವಳು ಕನ್ನಡಿಯಲ್ಲಿ ಕೂತಿದ್ದಳು, ಮೂಗುತಿ ಮಚ್ಚೆ ಸಮೇತ. ಆಮೇಲೆ ಚೂರನ್ನು ತನ್ನ ಕಡೆ ತಿರುಗಿಸಿಕೊಂಡು ತನ್ನ ಮೂಗನ್ನೇ ಮುಟ್ಟಿಕೊಂಡಳು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಪ್ಪನಿಗೆ ಆಗ ಹೊಳೆಯಿತು, ಫೋಟೋದವನು ನೆಗೆಟಿವನ್ನು ಮಗುಚಿ ಹಾಕಿ ಉಲ್ಟಾ ಬದಿ ತೆಗೆದುಬಿಟ್ಟಿದ್ದಾನೆ ಎಂದು. ತಲೆ ಕೆಳಗಾಗಿದ್ದವಳನ್ನು ನೆಟ್ಟಗೆ ನಿಲ್ಲಿಸಿದ್ದ, ಎಡಬಲ ಮರೆತಿದ್ದ.

ನೀಲವ್ವ ಒಪ್ಪಿದಳು ಎಂದುಕೊಂಡಿರಾ? ಇಲ್ಲ. ನಿಮ್ಮ ಮನೆಯ ಕನ್ನಡಿ ಹೀಗೆ ತೋರಿಸುತ್ತದೆ, ನಮ್ಮ ಮನೆಯದು ಹೇಗೆ ತೋರಿಸುತ್ತದೋ ನೋಡಿ ಹೇಳುತ್ತೇನೆ ಎಂದು ಚಂಚಿ ಕಟ್ಟಿ ಎದ್ದಳು. ವಾರದಲ್ಲಿ ಮುಧೋಳದಿಂದ ಹೂಂ ಎಂದು ಹೇಳಿಕಳಿಸಿದಳು. ಅಲ್ಲಿ ತನ್ನ ಕನ್ನಡಿಯಲ್ಲಿ ಪರೀಕ್ಷೆ ಮಾಡಿ, ಅದನ್ನೂ ನಂಬದೆ ನೆರೆಮನೆಯವರ ಕನ್ನಡಿಯಲ್ಲೂ ಮೂಗು ನೋಡಿಕೊಂಡಿದ್ದಳೆಂದು ಲಗ್ನವಾದ ಮೇಲೆ ಗೊತ್ತಾಯಿತು. ಇಂಥ ಸಂಶಯದವಳ ಮನೆಗೆ ಹುಡುಗಿಯನ್ನು ಹೇಗೆ ಕೊಡುವುದು ಎಂದು ಅವ್ವ ಅಳುಕಿದಾಗ ಆಯಿ ತನ್ನವರನ್ನು ಗುರುತಿಸಿದವಳಂತೆ ನಕ್ಕಳು. "ತಗೊಳ್ಳೋ ಮುಂದ ನೋಡ್ಯಾಳ. ಇನ್ನ ತಗೊಂಡ ಮ್ಯಾಲೆ ನೋಡೂದಿಲ್ಲ."

ಆ ಮಾತು ಖರೆಯಾಯಿತು. ನೀಲವ್ವ ಇರುವವರೆಗೂ ಸೊಸೆಯ ಮೇಲೆ ಒಂದು ಅನುಮಾನದ ಮಾತು ಆಡಲಿಲ್ಲ. ಕಸ್ತೂರತ್ತೆ ಗಂಡನ ಮನೆಗೆ ಹೋಗುವಾಗ ಟ್ರಂಕಿನಲ್ಲಿ ನೀಲವ್ವ ಮರಳಿ ಕಳಿಸಿದ್ದ ಆ ಫೋಟೋ, ನೆಗೆಟಿವ್ ಎರಡನ್ನೂ ಇಟ್ಟುಕೊಂಡಳು. ಅಪ್ಪನನ್ನು ಕೇಳಿ ಕನ್ನಡಿ ಚೂರನ್ನೂ ಒಯ್ದಳು. ಕೆಲವು ವರ್ಷಗಳಲ್ಲಿ ನಮ್ಮ ಓಣಿಗೆ ಪವರ್‌ಲೂಮ್ ಬಂದು ಕೈಮಗ್ಗ ಅಟ್ಟ ಸೇರಿತು. ಆಯಿ ಹೋದಳು. ಆಯಿಯ ಫೋಟೋ ಒಂದೂ ಇಲ್ಲ. ಕೊನೆಯವರೆಗೂ ಕ್ಯಾಮರಾದ ಎದುರು ಕೂರಲು ಒಪ್ಪಲಿಲ್ಲ. ಆಕೆಯ ಮುಖ ನೆನಪಿಗೆ ತಂದುಕೊಳ್ಳಲು ಹೋದರೆ ಬೆಣ್ಣೆಯೊಳಗೆ ಇಳಿಸಿದ ಬೆರಳೇ ಮೊದಲು ಕಾಣುತ್ತದೆ.

ಮೊನ್ನೆಮೊನ್ನೆ ಕಸ್ತೂರತ್ತೆಯ ಮಗ ಸುರೇಶ ಮುಧೋಳದಲ್ಲಿ ಹೊಸ ಮನೆ ಕಟ್ಟಿಸಿದ. ಹಾಲ್‌ನಲ್ಲಿ ಹಾಕಲು ತಾಯಿಯ ಹರೆಯದ ಫೋಟೋ ದೊಡ್ಡದು ಮಾಡಿಸಬೇಕೆಂದು, ಆಕೆಗೆ ತಿಳಿಸದೆ ಟ್ರಂಕಿನಿಂದ ನೆಗೆಟಿವ್ ಒಯ್ದು ಸ್ಟುಡಿಯೋಕ್ಕೆ ಕೊಟ್ಟಿದ್ದ. ಈ ಕಾಲದವರು ಜಾಣರು, ನೆಗೆಟಿವನ್ನು ಸರಿಯಾಗಿಯೇ ಹಾಕಿದರು. ವಾಸ್ತುಶಾಂತಿಗೆ ಹೋದಾಗ ಬಾಗಿಲಷ್ಟು ದೊಡ್ಡ ಚೌಕಟ್ಟಿನಲ್ಲಿ ಕಸ್ತೂರತ್ತೆ ಕೂತಿದ್ದಳು. ನನ್ನ ರೂಢಿಯಂತೆ ಮೊದಲು ಮೂಗು ನೋಡಿದೆ. ಎಡಕ್ಕೆ. ಮಚ್ಚೆ, ಎಡಕ್ಕೆ. ಎಷ್ಟೋ ವರ್ಷಗಳಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಕಿತ್ತಂತೆ ಹಾಯೆನಿಸಿತು. ಬಂದವರೆಲ್ಲ ಥೇಟ್ ಕಸ್ತೂರವ್ವ ಎನ್ನುತ್ತಿದ್ದರು. ಆ ಮಾತಿಗೆ ನಾನೂ ಮೊಹರು ಹಾಕಿದೆ.

ಕಸ್ತೂರತ್ತೆಯನ್ನು ಅಡುಗೆಮನೆಯಿಂದ ಕರೆತಂದು ನಿಲ್ಲಿಸಿದರು. ಆಕೆ ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು ನೋಡಿದಳು. ಹತ್ತಿರ ಹೋದಳು, ಹಿಂದೆ ಸರಿದಳು. ನೀಲವ್ವ ಅಂದು ನೋಡಿದ ಹಾಗೆಯೇ ನೋಡಿದಳು.

"ಯಾರ ಇಕಿ?" ಎಂದಳು.

ನಾವು ನಕ್ಕೆವು. ನಾನು ಬ್ಯಾಂಕಿನ ದನಿಯಲ್ಲಿ ವಿವರಿಸಿದೆ. ಹಳೆಯದೇ ಉಲ್ಟಾ, ಇದೇ ಸರಿಯಾದದ್ದು, ಕನ್ನಡಿಯ ಮುಖ ಬೇರೆ ಮಂದಿ ಕಾಣುವ ಮುಖ ಬೇರೆ, ನೀನು ನಿಜವಾಗಿ ಇರುವುದು ಹೀಗೆ, ನಾವೆಲ್ಲ ನೋಡಿದ್ದೇವಲ್ಲ ಎಂದೆ. ಆಕೆ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡಳು. ಒಳಗೆ ಹೋಗಿ ಟ್ರಂಕಿನಿಂದ ಆ ಕನ್ನಡಿ ಚೂರು ತಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿಕೊಂಡಳು. ಕೂದಲು ಬೆಳ್ಳಗಾಗಿತ್ತು, ಅಷ್ಟೇ. ಒಳಗಿದ್ದವಳು ಹಳಬಳೇ ಇದ್ದಿರಬೇಕು. ಆಮೇಲೆ ಗೋಡೆಯ ಕಡೆ ತಿರುಗಿ ಮೆಲ್ಲಗೆ ಕೇಳಿದಳು.

"ಹಂಗಾದ್ರ ಇಷ್ಟ ವರ್ಷ ನೀವೆಲ್ಲಾರೂ ನೋಡಿದ್ದು ಇಕಿನ್ನೇನು?"

ತಾನೇ ತಾನು ಎಂದು ನಂಬಿಸಲು ಅಂದು ಕನ್ನಡಿ ಹಿಡಿದು ಕೂತವಳು ಆಕೆ. ನೀಲವ್ವ ನಂಬಿ ಕರೆದುಕೊಂಡು ಹೋದಳು, ಗಂಡ ಬಾಳಿಸಿದ, ಮಕ್ಕಳು ಅವ್ವಾ ಎಂದರು. ಅವರ್ಯಾರೂ ಕನ್ನಡಿಯೊಳಗಿನವಳನ್ನು ಕಂಡಿರಲಿಲ್ಲ ಎಂಬುದು ಆಕೆಗೆ ಈಗ ಗೊತ್ತಾಯಿತು, ಅದೂ ನನ್ನ ಬಾಯಿಂದ. ಸುರೇಶ ಪೆಚ್ಚಾಗಿ, ಬೇಡವಾದರೆ ತೆಗೆಸುತ್ತೇನೆ ಎಂದ.

"ಇರ್ಲಿ ಬಿಡಪಾ," ಎಂದಳು ಕಸ್ತೂರತ್ತೆ. "ಬಂದವರಿಗೆ ಇಕೀನ ಗುರ್ತು. ನನ್ನ ಅಷ್ಟ ನನ್ನ ಟ್ರಂಕಿನ್ಯಾಗ ಇರಗೊಡ್ರಿ."

ಜಮಖಂಡಿಗೆ ತಿರುಗಿ ಬರುವ ಬಸ್ಸಿನಲ್ಲಿ ಸೀಟು ಸಿಕ್ಕಿತು. ಪರ್ಸಿನಿಂದ ಬ್ಯಾಂಕಿನ ಗುರುತಿನ ಚೀಟಿ ತೆಗೆದು ನನ್ನದೇ ಫೋಟೋ ನೋಡಿದೆ. ಮೂಗುತಿ ಸರಿಯಾದ ಕಡೆಗೇ ಇತ್ತು. ಹೆಂಗಸು ಯಾರು ಎಂಬುದೇ ಅನುಮಾನ.